ಗೋಡೆಗೆ ಬೆನ್ನು ಮಾಡಿದ ಕಾರ್ಡು

ಸುಶೀಲಾ ಕುರ್ಚಿ ಹತ್ತಿ ಗೋಡೆಯ ಮೇಲಿದ್ದ ಫ್ರೇಮಿಗೆ ಕೈ ಹಾಕಿದಾಗ ಜಯಲಕ್ಷ್ಮಿ ಬಾಗಿಲ ಕಡೆ ನೋಡಿದಳು. "ಬೇಡ ಕಣೇ... ಅವರು ಬಂದುಬಿಟ್ಟರೆ?" ಎಂದಳು. ಬೇಡ ಎಂದ ಅದೇ ಬಾಯಿ ಮರುಕ್ಷಣದಲ್ಲಿ, "ಹುಷಾರು, ಮೊಳೆ ಸಡಿಲವಾಗಿದೆ" ಎಂದೂ ಹೇಳಿತು. ಹಡೆದ ಕರುಳು, ಏನು ಮಾಡುತ್ತದೆ ಪಾಪ! ಆ ಹುಡುಗಿ ಬಾಯಿಬಿಟ್ಟು ಒಂದು ಕೇಳಿದರೆ ಇಲ್ಲ ಎನ್ನುವ ಶಕ್ತಿ ಜಯಲಕ್ಷ್ಮಿಗೆ ಎಂದೂ ಇರಲಿಲ್ಲ.

"ಜಸ್ಟ್ ಫೈವ್ ಮಿನಿಟ್ಸ್, ಚಿಕ್ಕಮ್ಮ" ಎಂದಳು ಸುಶೀಲಾ.

ಹೌದು, ಚಿಕ್ಕಮ್ಮ. ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನನಗೇನೂ ಆಗಬೇಕಾದ್ದಿಲ್ಲ. ಸುಶೀಲಾ ಹುಟ್ಟಿದ್ದು ಜಯಲಕ್ಷ್ಮಿಯ ಹೊಟ್ಟೆಯಲ್ಲಿ. ಬೆಳೆದದ್ದು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ, ಜಯಲಕ್ಷ್ಮಿಯ ಗಂಡನ ಅಣ್ಣ ಡಾಕ್ಟರ್ ವಿಶ್ವನಾಥರ ಮನೆಯಲ್ಲಿ, ಅವರ ಹೆಂಡತಿ ಕಮಲಾಕ್ಷಿಯ ಮಗಳಾಗಿ. ಮಗು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ, ತಂದೆಯ ಜೀವಕ್ಕೆ ಆಗಿಬರುವುದಿಲ್ಲ ಎಂದರು. ಹನ್ನೆರಡನೆಯ ದಿನ ಜಯಲಕ್ಷ್ಮಿ ತನ್ನ ಕೈಯಾರೆ ಮಗುವನ್ನು ಓರಗಿತ್ತಿಯ ಮಡಿಲಿಗೆ ಹಾಕಿದಳು. ಗಂಡ ಬದುಕಿರಲಿ ಎಂದು ಹಾಕಿದಳು. ಅದಾಗಿ ಇಪ್ಪತ್ತನಾಲ್ಕು ವರ್ಷ. ಒಂದೇ ಊರಿನಲ್ಲಿದ್ದು, ಭಾನುವಾರಕ್ಕೊಮ್ಮೆ ಮಗಳನ್ನು ನೋಡಿ, ಅವಳ ಬಾಯಲ್ಲಿ ಚಿಕ್ಕಮ್ಮ ಅನ್ನಿಸಿಕೊಂಡು, ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದಳು.

ಹದಿನಾರಾದಾಗ ಕಮಲಾಕ್ಷಿಯೇ ಹುಡುಗಿಗೆ ವಿಷಯ ಹೇಳಿದ್ದರು. ಸುಶೀಲಾ ಲಂಗಾಟಾದ ಈ ಮನೆಗೆ ಬಂದು, "ಒಂದು ಸ್ಟಾರ್‌ಗೆ ಹೆದರಿ ಕೊಟ್ಟುಬಿಟ್ಟಿರಾ?" ಎಂದು ಜಯಲಕ್ಷ್ಮಿಯನ್ನು ಕೇಳಿದಳು. ಅಂದಿನಿಂದ ಆ ಹುಡುಗಿ ಮುಖ ಕೊಟ್ಟು ಮಾತಾಡಿದವಳಲ್ಲ. ಬರುತ್ತಿದ್ದಳು, ಮಾಡಿದ್ದನ್ನು ತಿನ್ನುತ್ತಿದ್ದಳು, ಥ್ಯಾಂಕ್ಯೂ ಎನ್ನುತ್ತಿದ್ದಳು. ನಗೆ, ಹರಟೆ, ತಮಾಷೆ ಎಲ್ಲವೂ ಚಿಕ್ಕಪ್ಪನ ಜೊತೆ. ಹಾಗೆ ಕೇಳಿ ಹೊರಟ ದಿನ ಗೇಟಿನವರೆಗೆ ಅವಳನ್ನು ಬಿಟ್ಟುಬಂದವರು ಚಿಕ್ಕಪ್ಪನೇ. ಅಲ್ಲಿ ಅವಳ ತಲೆ ಸವರಿ ಅವರೇನು ಹೇಳಿದರೋ ಜಯಲಕ್ಷ್ಮಿ ಕೇಳಿಸಿಕೊಂಡಿರಲಿಲ್ಲ.

ಹಾಗಿರುವಾಗ ಹೋದ ಭಾನುವಾರ, ಎಂಟು ವರ್ಷದಲ್ಲಿ ಮೊದಲ ಬಾರಿ, ಸುಶೀಲಾ ತಾನಾಗಿ ಜಯಲಕ್ಷ್ಮಿಯನ್ನು ಕೂಗಿ ಕರೆದಿದ್ದಳು. ಕಾರಣ ಈ ಫ್ರೇಮು. ಊಟದ ಮೇಜಿನ ಎದುರಿನ ಗೋಡೆಯಲ್ಲಿ, ಗಾಜಿನ ಹಿಂದೆ, ಇಸ್ಪೀಟೆಲೆಗಿಂತ ತುಸು ದೊಡ್ಡ ಒಂದು ರಟ್ಟಿನ ಚಿತ್ರ. ನೀಲಿ ಟೊಪ್ಪಿಯ ಬೇಸ್‌ಬಾಲ್ ಆಟಗಾರ, ಹೆಗಲ ಮೇಲೆ ದಾಂಡು. ಜಯಲಕ್ಷ್ಮಿಯ ಗಂಡ ಸೂರ್ಯನಾರಾಯಣ ರಾಯರು ನೈರೋಬಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟರಾಗಿದ್ದಾಗ ಅಲ್ಲಿಗೆ ಪಾಠ ಮಾಡಲು ಬಂದಿದ್ದ ನಿಕೋಲಸ್ ಎಂಬ ಅಮೆರಿಕದ ಹುಡುಗ ಕೊಟ್ಟದ್ದು. ಸುಶೀಲಾ ಹುಟ್ಟಿದ ವರ್ಷ ರಾಯರು ಅದನ್ನು ತಾವೇ ಕಟ್ಟು ಹಾಕಿ ತೂಗುಹಾಕಿದ್ದರು. ಧೂಳು ಒರೆಸುವುದಕ್ಕೂ ಹೆಂಡತಿಯ ಕೈಗೆ ಕೊಟ್ಟವರಲ್ಲ.

ಸುಶೀಲಾ ಕೆಲಸ ಮಾಡುವ ಶಾಲೆಯ ಲೈಬ್ರರಿಗೆ ಅಮೆರಿಕದ ಆಟದ ಮೇಷ್ಟರೊಬ್ಬ ಬರುತ್ತಾನಂತೆ. ಇಂಥ ಹಳೆಯ ಕಾರ್ಡುಗಳಿಗೆ ಅವನ ಊರಿನಲ್ಲಿ ಜನ ಹುಚ್ಚಾಗಿದ್ದಾರಂತೆ. ಈಗೊಂದೆರಡು ವರ್ಷದಿಂದ ಗ್ರೇಡಿಂಗ್ ಅಂತ ಬೇರೆ ಶುರುವಾಗಿದೆ. ಕಾರ್ಡನ್ನು ಕಂಪನಿಗೆ ಕಳಿಸಿದರೆ ಪಳಗಿದವರು ದೀಪದಡಿ ಇಟ್ಟು, ಭೂತಗನ್ನಡಿ ಹಿಡಿದು ನೋಡಿ, ಒಂದರಿಂದ ಹತ್ತರೊಳಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಮೊಹರು ಮಾಡಿ ಕೊಡುತ್ತಾರೆ. ಏಳೋ ಎಂಟೋ ಬಂದರೆ ರಾಯರ ಪೆನ್ಷನ್ನಿನ ಎರಡು ವರ್ಷದಷ್ಟು ಬೆಲೆ. ಒಂದೋ ಎರಡೋ ಬಂದರೆ ಕಳಿಸಿದ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಕಳಿಸುವ ಮುಂಚೆ ಮನೆಯಲ್ಲೇ ನೋಡಿ ತೀರ್ಮಾನಿಸಬೇಕು. ಅವನು ಸೋಮವಾರ ಊರಿಗೆ ಹೊರಡುತ್ತಾನೆ, ಕೊಟ್ಟರೆ ಒಯ್ಯುತ್ತಾನೆ.

ನಿವೃತ್ತರಾದ ಚಿಕ್ಕಪ್ಪನಿಗೆ ಉಡುಗೊರೆ ಆಗಲಿ ಎಂದು ಹುಡುಗಿಯ ಆಸೆ. ಆದರೆ ಫ್ರೇಮು ಬಿಚ್ಚುವ ಮಾತೆತ್ತಿದ್ದೇ ತಡ, ಸಿಟ್ಟನ್ನೇ ಕಾಣದ ರಾಯರು, "ಅದನ್ನ ಮುಟ್ಟಬೇಡಿ. ಗೆಳೆಯನ ನೆನಪು, ಇರಲಿ" ಎಂದು ಗದರಿದ್ದರು. ಸುಶೀಲಾಳ ಮುಖ ಚಿಕ್ಕದಾಯಿತು. ಆ ಚಿಕ್ಕ ಮುಖವನ್ನು ಜಯಲಕ್ಷ್ಮಿ ವಾರವಿಡೀ ಮರೆಯಲಾರದೆ ಹೋದಳು. ಈ ಭಾನುವಾರ ರಾಯರು ಕ್ಷೌರಕ್ಕೆಂದು ಮಟಾಟು ವ್ಯಾನು ಹತ್ತಿ ಹರ್ಲಿಂಗ್‌ಹ್ಯಾಮಿಗೆ ಹೋಗಿದ್ದೇ, "ನೋಡು, ಬೇಕಾದರೆ ನೋಡಿಬಿಡು" ಎಂದವಳೂ ಅವಳೇ. ಮಗಳ ಜೊತೆ ಸೇರಿ ಒಂದು ಗುಟ್ಟು ಮಾಡುವ ಸುಖ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಇಬ್ಬರೂ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಫ್ರೇಮನ್ನು ಬೋರಲಾಗಿಟ್ಟರು. ಜಯಲಕ್ಷ್ಮಿ ತರಕಾರಿ ಚಾಕು ತಂದು ಹಿಂದಿನ ಗಿಡ್ಡ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದಳು. ಸುಶೀಲಾ ಕಾರ್ಡನ್ನು ಅಂಚಿನಲ್ಲಿ ಹಿಡಿದು ಮೆಲ್ಲನೆ ತೆಗೆದು, ಬಟ್ಟೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು ಬಗ್ಗಿದಳು. ಮೂಲೆ ನಾಲ್ಕೂ ಚೂಪಾಗಿವೆ. ಸುತ್ತಲಿನ ಬಿಳಿ ಅಂಚು ಎಡಕ್ಕೂ ಬಲಕ್ಕೂ ಸಮ. ಮಡಿಕೆ ಇಲ್ಲ, ಬಣ್ಣ ಹೋಗಿಲ್ಲ. ಇಪ್ಪತ್ತನಾಲ್ಕು ವರ್ಷ ಯಾರೂ ಮುಟ್ಟದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿ, ಜಯಲಕ್ಷ್ಮಿಯ ಮುಖ ನೋಡಿ ನಕ್ಕಳು. ಆ ನಗು ಅಚ್ಚು ಜಯಲಕ್ಷ್ಮಿಯ ತಂಗಿಯದು.

ಆಮೇಲೆ ಕಾರ್ಡನ್ನು ಮಗುಚಿದಳು. ನಗು ಆರಿಹೋಯಿತು.

"ಓ ನೋ. ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಕನ್ನಡ, ಅಲ್ವಾ? ಏನು ಬರೆದಿದೆ ಚಿಕ್ಕಮ್ಮ?"

ಸುಶೀಲಾಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಜಯಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಗಂಡನ ಅಕ್ಷರ, ಮುತ್ತು ಜೋಡಿಸಿದ ಹಾಗೆ. ಮೊದಲು ಒಂದು ಸಾಲು, ಅದರ ಮೇಲೆ ಗೀಟು ಎಳೆದಿತ್ತು: 'ಹೆಣ್ಣು ಮಗು. 29-6-69. ಸಾ ತಾತು, 40 ನಿಮಿಷ. ಮಧ್ಯಾಹ್ನ 3-40. ಮೂಲಾ.' ಅದರ ಕೆಳಗೆ, ಬೇರೆ ದಿನ ಬರೆದದ್ದು: '8-7-69. ಆಸ್ಪತ್ರೆಯ ರಿಜಿಸ್ಟರು ನೋಡಿದೆ. ಇವರ ತಾತು ನಮ್ಮ ಒಂಬತ್ತು. ರಾತ್ರಿ 9-40. ಪೂರ್ವಾಷಾಢ. ದೋಷವಿಲ್ಲ.'

ಜಯಲಕ್ಷ್ಮಿ ಒಮ್ಮೆ ಓದಿದಳು. ಮತ್ತೆ ಓದಿದಳು.

ತಾತು... ಆ ಪದವನ್ನು ಅವಳು ತನ್ನ ಕಿವಿಯಾರೆ ಕೇಳಿದ್ದಳು. ಮೈಸೂರಿನಿಂದ ಬಂದು ಒಂದು ವರ್ಷವೂ ಆಗಿರಲಿಲ್ಲ. ರಾಯರು ಶಾಲೆಯ ಹುಡುಗರನ್ನು ಕರೆದುಕೊಂಡು ನಕುರುವಿಗೆ ಹೋಗಿದ್ದರು, ಭಾವ ಓರಗಿತ್ತಿ ಮೊಂಬಾಸಾದಲ್ಲಿದ್ದರು. ಮಧ್ಯಾಹ್ನ ನೋವು ಶುರುವಾಗಿ ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿ ಹೋದರು. ಕಿಟಕಿಯಿಲ್ಲದ ಕೋಣೆ, ಮೇಲೆ ಉರಿಯುವ ದೀಪ, ಕೈಗೆ ಚುಚ್ಚಿದ ಸೂಜಿ. ಎಚ್ಚರವೋ ಮಂಪರೋ ತಿಳಿಯದ ಹೊತ್ತಿನಲ್ಲಿ ಮಗುವಿನ ಅಳು, ಅದರ ಹಿಂದೆಯೇ ದಾದಿಯ ದನಿ: ಸಾ ತಾತು. ಆಗ ಅವಳಿಗೆ ಬರುತ್ತಿದ್ದ ಸ್ವಾಹಿಲಿ ಎಂದರೆ ತರಕಾರಿ ಮಾರ್ಕೆಟ್ಟಿನ ಒಂದು, ಎರಡು, ಮೂರು. ತಾತು ಎಂದರೆ ಮೂರು. ಮರುದಿನ ಬಂದ ಗಂಡ ದಾದಿಯನ್ನು ಕೇಳಿ, ಮೂರು ಗಂಟೆ ನಲವತ್ತು ನಿಮಿಷ ಎಂದಾಗ ಅವಳೂ ಹೌದು ಎಂದಿದ್ದಳು.

ಈ ಊರಿನವರ ಗಡಿಯಾರ ಬೇರೆ. ಸೂರ್ಯ ಮುಳುಗಿದ ಮೇಲೆ ಒಂದು, ಎರಡು ಎಂದು ಎಣಿಸುತ್ತಾರೆ. ರಾತ್ರಿ ಏಳು ಗಂಟೆ ಅವರಿಗೆ ಒಂದು, ಒಂಬತ್ತು ಗಂಟೆ ಅವರಿಗೆ ಮೂರು, ಸಾ ತಾತು. ಇದನ್ನು ಜಯಲಕ್ಷ್ಮಿ ಆಮೇಲಾಮೇಲೆ ಕಲಿತಳು. ಹಾಲಿನವನಿಗೆ ಅದೇ ಲೆಕ್ಕದಲ್ಲಿ ಹೊತ್ತು ಹೇಳುತ್ತಿದ್ದಳು. ಆದರೆ ಎದೆಯೊಳಗೆ ಮುಚ್ಚಿಟ್ಟ ಆ ಒಂದು ತಾತುವನ್ನು ಹೊರಗೆ ತೆಗೆದು ನೋಡುವುದು ಅವಳಿಗೆ ಎಂದೂ ತೋಚಲಿಲ್ಲ. ಬಾಣಂತಿ ಹೆಂಗಸು, ಪರದೇಶ... ತಪ್ಪು ತಿಳಿದಳು, ಕ್ಷಮಿಸೋಣ. ಗಣಿತದ ಮೇಷ್ಟರು ರಾಯರು! ಭಾರತಕ್ಕೂ ಇಲ್ಲಿಗೂ ಇರುವ ಎರಡೂವರೆ ಗಂಟೆಯನ್ನೂ ಕಳೆದು ಪಂಚಾಂಗ ನೋಡುವ ಮನುಷ್ಯ. ಮೊದಲು ಅವರೂ ತಪ್ಪಿದರು, ನಿಜ. ಆದರೆ ಹತ್ತನೆಯ ದಿನ ತಿದ್ದಿಕೊಂಡರು. ತಿದ್ದಿದ್ದನ್ನು ಗಾಜಿನ ಹಿಂದೆ ಗೋಡೆಗೆ ಬೆನ್ನು ಮಾಡಿ ನೇತುಹಾಕಿದರು. ಹನ್ನೆರಡನೆಯ ದಿನ ಮಗುವನ್ನು ಕೊಡಿಸಿದರು.

ಸುಶೀಲಾ ತನ್ನ ಪಾಡಿಗೆ ಲೆಕ್ಕ ಹಾಕುತ್ತಿದ್ದಳು. ಹಿಂದೆ ಬರಹವಿದ್ದರೆ ಅಂಕ ಪೂರಾ ಬಿದ್ದುಹೋಗುತ್ತದೆ, ಕಳಿಸುವುದೇ ದಂಡ. ಮೆತ್ತಗಿನ ರಬ್ಬರಿನಲ್ಲಿ ಹಗುರವಾಗಿ ಉಜ್ಜಿದರೆ ಪೆನ್ಸಿಲ್ ಹೋಗಬಹುದು. ಕಂಪನಿಯವರು ದೀಪದಡಿ ಕಂಡುಹಿಡಿದರೆ ತಿರಸ್ಕರಿಸುತ್ತಾರೆ, ಕಾಣದಿದ್ದರೆ ಏಳು ಗ್ಯಾರಂಟಿ. ಅವಳು ಕೈಚೀಲದಿಂದ ರಬ್ಬರು ತೆಗೆದು ಜಯಲಕ್ಷ್ಮಿಯ ಕಡೆ ನೋಡಿ, ಏನಾದರೂ ಮುಖ್ಯವಾದದ್ದು ಬರೆದಿದೆಯೇ ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ರಾಯರು ಒಳಗೆ ಬಂದು, ಬರಿದಾದ ಗೋಡೆ ನೋಡಿದರು. ಮೇಜು ನೋಡಿದರು. ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಹುಡುಗಿಯ ಕೈಯಲ್ಲಿದ್ದ ರಬ್ಬರು ಕಂಡದ್ದೇ, "ಅದೇನೋ ಹಳೇ ಲೆಕ್ಕ ಮಗಳೇ. ಅಳಿಸಿಬಿಡು, ಪರವಾಗಿಲ್ಲ. ಕಳಿಸು ಬೇಕಾದರೆ" ಎಂದರು.

ಹೋದ ವಾರ ಮುಟ್ಟಬೇಡಿ ಎಂದವರು! ಜಯಲಕ್ಷ್ಮಿಯ ಒಳಗೆ ಅದುವರೆಗೆ ನಡುಗುತ್ತಿದ್ದದ್ದು ಆ ಒಂದು ಮಾತಿಗೆ ನಿಂತುಹೋಯಿತು. ಅವಳು ಕಾರ್ಡಿನ ಮೇಲೆ ಅಂಗೈ ಮುಚ್ಚಿದಳು.

"ನೀವೇ ಓದಿ ಹೇಳಿ. ನಿಮ್ಮ ಅಕ್ಷರ."

"ಜಯಾ... ಊಟದ ಹೊತ್ತು. ಆಮೇಲೆ ಮಾತಾಡೋಣ."

"ಅವಳಿಗೆ ಓದೋಕೆ ಬರಲ್ಲ. ಓದಿ ಹೇಳಿ."

ಮೂವತ್ತು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ ಮನುಷ್ಯ ಕಾರ್ಡು ಕೈಗೆತ್ತಿಕೊಂಡರು. ಗೀಟು ಎಳೆದ ಸಾಲನ್ನು ಓದಿದರು. ಕೆಳಗಿನದ್ದನ್ನು ಓದಿದರು. ರಿಜಿಸ್ಟರು, ಒಂಬತ್ತು, ಪೂರ್ವಾಷಾಢ... ಅಲ್ಲಿಗೆ ನಿಲ್ಲಿಸಿದರು.

"ಕೊನೇದು ಬಿಟ್ಟಿರಿ" ಎಂದಳು ಜಯಲಕ್ಷ್ಮಿ.

"ದೋಷವಿಲ್ಲ."

ಸುಶೀಲಾ ರಬ್ಬರನ್ನು ಮೇಜಿನ ಮೇಲಿಟ್ಟಳು. ಇಂಗ್ಲಿಷ್ ಬೆರೆಸದೆ ಮಾತಾಡದ ಹುಡುಗಿ ಪೂರಾ ಕನ್ನಡದಲ್ಲಿ ಕೇಳಿದಳು. "ಎಂಟನೇ ತಾರೀಕು ಗೊತ್ತಾಯ್ತಾ ನಿಮಗೆ? ನನ್ನನ್ನ ಕೊಟ್ಟಿದ್ದು ಯಾವಾಗ?"

"ಹತ್ತು" ಎಂದರು ರಾಯರು. ಕುರ್ಚಿಯಲ್ಲಿ ಕುಸಿದು ಕೂತರು. ಯಾರೂ ಕೇಳದೆ ತಾವೇ ಹೇಳತೊಡಗಿದರು. ಸಮಯ ತಪ್ಪೆಂದು ಗೊತ್ತಾಗುವ ಮೊದಲೇ ಮೂಲಾ ಎಂದು ಅಣ್ಣನಿಗೆ ಹೇಳಿಯಾಗಿತ್ತು, ಅಣ್ಣ ಮಗುವನ್ನು ನಮಗೆ ಕೊಟ್ಟುಬಿಡು ಎಂದು ಕೇಳಿಯಾಗಿತ್ತು, ತಾವು ಒಪ್ಪಿಯಾಗಿತ್ತು. ಟಿಕೆಟ್ ಕಳಿಸಿ ಈ ದೇಶಕ್ಕೆ ಕರೆಸಿಕೊಂಡು, ಕೆಲಸ ಕೊಡಿಸಿ, ಮದುವೆ ಮಾಡಿಸಿದ ಅಣ್ಣ. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ಅತ್ತಿಗೆ. ರಿಜಿಸ್ಟರು ನೋಡಿದ ದಿನ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದರಂತೆ. ಅತ್ತಿಗೆ ತೊಟ್ಟಿಲ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಕೂತಿದ್ದರಂತೆ. ಕಾಫಿ ಕುಡಿದು ಬಂದರಂತೆ. ಅವರಿಗೂ ಹೇಳಲಿಲ್ಲ, ಅಣ್ಣ ಸಾಯುವವರೆಗೂ ಹೇಳಲಿಲ್ಲ.

"ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ, ಸರಿ" ಎಂದಳು ಜಯಲಕ್ಷ್ಮಿ. "ನನಗೆ?"

"ನಿನಗೆ ಹೇಳಿದ್ರೆ ನೀನು ಕೊಡ್ತಿರಲಿಲ್ಲ, ಜಯಾ. ಬೇರೆ ಯಾವ ಕಾರಣಕ್ಕೂ ಕೊಡ್ತಿರಲಿಲ್ಲ. ನನ್ನ ಜೀವಕ್ಕೆ ಕುತ್ತು ಅಂದ್ರೆ ಮಾತ್ರ..." ರಾಯರ ದನಿ ಒಡೆಯಿತು. "ನಮಗೆ ಇನ್ನೊಂದು ಆಗತ್ತೆ ಅಂದ್ಕೊಂಡೆ."

ಆಗಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಮತ್ತೊಂದು ಆಗಲಿಲ್ಲ.

ಜಯಲಕ್ಷ್ಮಿ ಅಳಲಿಲ್ಲ. ಅವಳಿಗೆ ಆ ಹನ್ನೆರಡನೆಯ ದಿನ ನೆನಪಾಯಿತು. ದೋಷದ ಮಗುವಿನ ಮುಖವನ್ನು ತಂದೆ ನೇರ ನೋಡಬಾರದೆಂದು ಕಂಚಿನ ಬಟ್ಟಲಲ್ಲಿ ಎಣ್ಣೆ ತುಂಬಿ, ಅದರಲ್ಲಿ ಮಗುವಿನ ನೆರಳು ತೋರಿಸಿದ್ದರು. ರಾಯರು ಬಗ್ಗಿ ನೋಡಿ ಬಿಕ್ಕಿಬಿಕ್ಕಿ ಅತ್ತಿದ್ದರು. ಅಯ್ಯೋ, ಜೀವಭಯ ಪಾಪ, ಎಂದು ಅವಳು ಸೆರಗಿನಿಂದ ಅವರ ಕಣ್ಣು ಒರೆಸಿದ್ದಳು. ಆಗಲೇ ಈ ಕಾರ್ಡಿನ ಹಿಂದೆ ದೋಷವಿಲ್ಲ ಎಂದು ಬರೆದಾಗಿತ್ತು! ಅಂದಿನಿಂದ ಪ್ರತಿ ತಿಂಗಳು ಮೂಲಾ ನಕ್ಷತ್ರದ ದಿನ ಗಂಡನ ಆಯುಷ್ಯಕ್ಕೆಂದು ಒಪ್ಪೊತ್ತು ಇರುತ್ತಿದ್ದಳು. ಆ ರಾತ್ರಿಗಳಲ್ಲಿ ಅವಳು ಒಂದು ಲೋಟ ಹಾಲು ಕುಡಿದು ಅವರಿಗೆ ಬಡಿಸುತ್ತಿದ್ದಳು. ಅವರು ಈ ಗೋಡೆಯ ಎದುರು ಕೂತು, ಸಾರು ಅನ್ನ ಕಲಸಿ ಉಣ್ಣುತ್ತಿದ್ದರು. ಒಂದು ದಿನ, ಒಂದೇ ಒಂದು ದಿನ, ಸಾಕು ಬಿಡು ಜಯಾ, ನೀನೂ ಊಟ ಮಾಡು ಎಂದಿದ್ದರೆ... ಅದನ್ನೂ ಅನ್ನಲಿಲ್ಲ ಆ ಮನುಷ್ಯ.

"ಚಿಕ್ಕಪ್ಪ" ಎಂದಳು ಸುಶೀಲಾ, ಮೆಲ್ಲಗೆ. "ನಾನು ಜಗಳಾಡಿ ಹೋದ ದಿನ ಗೇಟ್ ಹತ್ರ ನೀವು ಹೇಳಿದ್ರಿ. 'ಕೊಡೋದು ಬೇಡ ಅಂದೆ ನಾನು, ನಿನ್ನ ಚಿಕ್ಕಮ್ಮ ಹೆದರಿಬಿಟ್ಟಳು, ಅವಳ ಮೇಲೆ ಕೋಪ ಇಟ್ಕೋಬೇಡ' ಅಂತ."

ಜಯಲಕ್ಷ್ಮಿ ಗಂಡನ ಕಡೆ ತಿರುಗಿದಳು. ಅದುವರೆಗೆ ಅವಳು ತಿಳಿದದ್ದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಒಂದು ಮೋಸ. ಅಣ್ಣನ ಋಣ, ಅತ್ತಿಗೆಯ ಕಣ್ಣೀರು ಎಂದು ಅದಕ್ಕೊಂದು ಹೆಸರಾದರೂ ಇತ್ತು. ಇದಕ್ಕೆ ಯಾವ ಹೆಸರು? ಮಗಳೂ ಹೋಗಿ, ಮಗಳ ಮನಸ್ಸೂ ಹೋಗಲಿ, ತನ್ನ ಮುಖ ಮಾತ್ರ ಉಳಿಯಲಿ ಎಂದರಲ್ಲ! ರಾಯರು ತಲೆ ಎತ್ತಲಿಲ್ಲ. ಹೊಸದಾಗಿ ಕತ್ತರಿಸಿದ ಕತ್ತಿನ ಕೂದಲಿನಿಂದ ಅವರಿಗೆ ವಯಸ್ಸಾದದ್ದು ಎದ್ದು ಕಾಣುತ್ತಿತ್ತು. ನೋಡಿದರೆ ಅಯ್ಯೋ ಅನ್ನಿಸುವ ಹಾಗಿದ್ದರು. ಜಯಲಕ್ಷ್ಮಿಗೆ ಅನ್ನಿಸಲಿಲ್ಲ.

ಸುಶೀಲಾ ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡು, ತಂದಿದ್ದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟಳು. ಆಟಗಾರನ ಮುಖ ಒಳಗೆ, ಬರಹ ಮೇಲೆ. ಆಟದ ಮೇಷ್ಟರಿಗೆ ಫೋನ್ ಮಾಡಿ, ಕಾರ್ಡು ಕಳಿಸುವಂಥದ್ದಲ್ಲ, ಹಿಂದೆ ಬರೆದಿದೆ ಎಂದಷ್ಟೇ ಹೇಳಿದಳು. ಫೋನ್ ಇಟ್ಟವಳು ಜಯಲಕ್ಷ್ಮಿಯ ಎದುರು ಬಂದು ನೆಲದ ಮೇಲೆ ಕೂತು, ಅವಳ ಮಡಿಲಿಗೆ ಹಣೆ ಹಚ್ಚಿದಳು. ಎಂಟು ವರ್ಷ ನಿಮ್ಮ ಮುಖ ನೋಡಿ ಮಾತಾಡಲಿಲ್ಲ ನಾನು ಎಂದು ಹೇಳಲು ಹೋಗಿ ಅರ್ಧಕ್ಕೇ ಅತ್ತಳು. ಜಯಲಕ್ಷ್ಮಿಯ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ಹನ್ನೆರಡು ದಿನದ ಕೂಸಾಗಿದ್ದಾಗ ಮುಟ್ಟಿದ ನೆತ್ತಿ ಅದು. ಆಗ ಬಂತು ಅವಳಿಗೆ ಅಳು, ತಡೆಯಲಾಗದ ಹಾಗೆ ಬಂತು...

"ಈಗಲೇ ಹೋಗಿ ಅಮ್ಮನಿಗೆ ಹೇಳ್ತೀನಿ" ಎಂದಳು ಸುಶೀಲಾ, ಕಣ್ಣು ಒರೆಸಿಕೊಳ್ಳುತ್ತಾ.

"ಬೇಡ."

"ಯಾಕೆ?"

"ಅಕ್ಕನಿಗೆ ಏನೂ ಗೊತ್ತಿಲ್ಲ. ಕೊಟ್ಟಿದ್ದನ್ನ ತಗೊಂಡ್ರು, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ರು. ಯಜಮಾನರು ಹೋಗಿ ಎರಡು ವರ್ಷ ಆಯ್ತು, ಈಗ ಅವರಿಗೆ ಇರೋದು ನೀನೊಬ್ಬಳೇ. ಇದನ್ನ ಕೇಳಿದ್ರೆ ತಾನು ಕದ್ದೆ ಅಂದ್ಕೋತಾರೆ. ಕದ್ದವರು ಅವರಲ್ಲ." ಜಯಲಕ್ಷ್ಮಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಿನಗೆ ಗೊತ್ತಾಯ್ತಲ್ಲ. ನನಗೆ ಅಷ್ಟು ಸಾಕು."

ಸಾಕಾಗುತ್ತದೆಯೇ? ನೀವೇ ಹೇಳಿ. ಆದರೂ ಹಾಗೆಂದಳು. ಒಬ್ಬ ತಾಯಿಯ ಮಡಿಲು ಬರಿದಾದರೆ ಹೇಗಿರುತ್ತದೆ ಎಂದು ಬಲ್ಲವಳು, ಇನ್ನೊಬ್ಬಳಿಗೆ ಅದನ್ನು ಮಾಡಲಾರದೆ ಹೋದಳು.

ಸುಶೀಲಾ ಅಂದು ಸಂಜೆಯವರೆಗೂ ಇದ್ದಳು. ಚಿಕ್ಕಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಅಡುಗೆಮನೆಯಲ್ಲಿ ಜಯಲಕ್ಷ್ಮಿಯ ಪಕ್ಕ ನಿಂತು, ಕಾರ್ಡು ಹಿಡಿದು, ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಕೇಳಿ ಓದಿದಳು. ಪೂರ್ವಾಷಾಢ ಎಂಬಲ್ಲಿ ನಾಲಿಗೆ ತೊಡರಿ ಮೂರು ಸಲ ಹೇಳಿದಳು. ಹೊರಡುವಾಗ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ಗೇಟಿನ ಬಳಿ ನಿಂತು, "ಬರ್ತೀನಿ" ಎಂದಳು. ಚಿಕ್ಕಮ್ಮ ಎನ್ನಲಿಲ್ಲ. ಇನ್ನೊಂದು ಪದ ಬಾಯಿಯವರೆಗೂ ಬಂದದ್ದು ಜಯಲಕ್ಷ್ಮಿಗೆ ಕಂಡಿತು. ಅದನ್ನೂ ಅನ್ನದೆ ಹೋದಳು.

ಜಯಲಕ್ಷ್ಮಿ ಒಳಗೆ ಬಂದು ಗಾಜು ಒರೆಸಿದಳು. ಗಿಡ್ಡ ಮೊಳೆಗಳನ್ನು ಮತ್ತೆ ಬಡಿದಳು. ಬರಿಯ ಫ್ರೇಮನ್ನು, ಅದರೊಳಗೆ ಕಾರ್ಡು ಕೂತಿದ್ದ ಜಾಗದ ಚೌಕ ಗುರುತಿನ ಸಮೇತ, ಅದೇ ಗೋಡೆಗೆ ತೂಗುಹಾಕಿದಳು. ಆಮೇಲೆ ಎರಡು ತಟ್ಟೆ ಇಟ್ಟು ಅನ್ನ ಬಡಿಸಿದಳು.

ರಾಯರು ತುತ್ತು ಎತ್ತಲಿಲ್ಲ. ಎದುರಿನ ಗೋಡೆ ನೋಡಿದರು, ಕಣ್ಣು ತಗ್ಗಿಸಿದರು, ಮತ್ತೆ ನೋಡಿದರು. "ಅದನ್ನ ತೆಗೆದುಬಿಡು ಜಯಾ" ಎಂದರು ಕೊನೆಗೆ, ಬೇಡುವ ದನಿಯಲ್ಲಿ.

ಆ ದಿನ ಪಂಚಾಂಗದಲ್ಲಿ ಮೂಲಾ ನಕ್ಷತ್ರವಿತ್ತು. ಜಯಲಕ್ಷ್ಮಿ ತನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡು, ಕಲಸಿ, ಹೊಟ್ಟೆ ತುಂಬ ಉಣ್ಣತೊಡಗಿದಳು.

"ಗೆಳೆಯನ ನೆನಪು" ಎಂದಳು. "ಇರಲಿ."